ಬಾಯ್ಲರಿಗೆ ಅರ್ಧ ಪಾಳಿ ಇಲ್ಲ

ಗ್ರಾಮಫೋನ್ ರೆಕಾರ್ಡುಗಳನ್ನು ಒತ್ತಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ನನ್ನ ಜಾಗ ಯಂತ್ರದ ಮುಂದೆ ಇರಲಿಲ್ಲ. ಯಾವ ವಾರ ಯಾವ ಆರ್ಡರು ಯಾವ ಯಂತ್ರಕ್ಕೆ ಹೋಗಬೇಕು, ಅದಕ್ಕೆ ಪ್ಲಾಸ್ಟಿಕ್ ಹರಳು, ನಿಕ್ಕಲ್, ಲೇಬಲ್ ಕಾಗದ, ಹೊದಿಕೆ, ರಟ್ಟಿನ ಪೆಟ್ಟಿಗೆ ಎಷ್ಟೆಷ್ಟು ಬೇಕು ಎಂದು ಲೆಕ್ಕ ಹಾಕಿ ಇಂಡೆಂಟ್ ಬರೆಯುವ ದಾಸ್ತಾನು ವಿಭಾಗದಲ್ಲಿ ನನ್ನ ಮೇಜು ಇತ್ತು. 1980ರ ದಶಕದ ಕೊನೆಯ ಭಾಗದಲ್ಲಿ, ಕಾರ್ಖಾನೆ ಮುಚ್ಚುವ ನೋಟೀಸನ್ನು ಗೇಟಿಗೆ ಅಂಟಿಸಿದ ದಿನ, ಊರಿಗೆ ಊರೇ ಬೆಚ್ಚಿಬಿದ್ದಿತು. ನನಗೆ ಮಾತ್ರ ಆಶ್ಚರ್ಯವಾಗಲಿಲ್ಲ, ಏಕೆಂದರೆ ಅದಕ್ಕೂ ಸುಮಾರು ಎರಡು ವರ್ಷ ಮೊದಲೇ ಆ ಸುದ್ದಿ ನನ್ನ ಇಂಡೆಂಟ್ ಪುಸ್ತಕದಲ್ಲಿ ಅಂಕಿಗಳ ರೂಪದಲ್ಲಿ ಇತ್ತು, ಬರೆದವನೂ ನಾನೇ. ಆ ಎರಡು ವರ್ಷ ನಾನು ಹೇಗೆ ನಡೆದುಕೊಂಡೆ ಎಂಬುದೇ ಈ ಬರಹದ ವಿಷಯ.

ರೆಕಾರ್ಡು ಹೇಗೆ ತಯಾರಾಗುತ್ತದೆ ಎಂಬುದನ್ನು ಸ್ವಲ್ಪ ಹೇಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಮೊದಲು ಅಲ್ಯುಮಿನಿಯಮ್ ತಟ್ಟೆಯ ಮೇಲೆ ಬಳಿದ ಮೃದುವಾದ ಲ್ಯಾಕರಿನಲ್ಲಿ ಸೂಜಿಯಿಂದ ಧ್ವನಿಯ ಗೀರನ್ನು ಕೊರೆಯುತ್ತಾರೆ. ಅದರ ಮೇಲೆ ತೆಳುವಾಗಿ ಬೆಳ್ಳಿ ಹಿಡಿಸಿ, ನಿಕ್ಕಲ್ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಲೋಹದ ಪದರ ಬೆಳೆಸುತ್ತಾರೆ. ಹೀಗೆ ಬೆಳೆದು ಬಿಡಿಸಿಕೊಂಡ ಮೊದಲ ತಟ್ಟೆಗೆ ಆ ಕಸುಬಿನಲ್ಲಿ ತಂದೆ ಎಂದೂ, ಅದರಿಂದ ಬೆಳೆಸಿದ್ದಕ್ಕೆ ತಾಯಿ ಎಂದೂ ಹೆಸರು. ತಾಯಿಯಿಂದ ಪಡೆದದ್ದು ಸ್ಟ್ಯಾಂಪರ್. ಒತ್ತುಯಂತ್ರದ ಮೇಲೊಂದು ಕೆಳಗೊಂದು ಸ್ಟ್ಯಾಂಪರ್ ಕೂರಿಸಿ, ನಡುವೆ ಬಿಸಿಯಾಗಿ ಮೆತ್ತಗಾದ ಪಿವಿಸಿಯ ಮುದ್ದೆಯನ್ನು, ಅಂದರೆ ನಮ್ಮವರು ಬಿಸ್ಕತ್ತು ಎನ್ನುತ್ತಿದ್ದುದನ್ನು, ಎರಡೂ ಬದಿ ಲೇಬಲಿನ ಸಮೇತ ಇಟ್ಟು ನೂರು ಟನ್ನಿನ ಆಸುಪಾಸಿನ ಒತ್ತಡದಲ್ಲಿ ಅದುಮುತ್ತಾರೆ. ಅಚ್ಚಿನ ಒಡಲಿನೊಳಗೆ ಮೊದಲು ಉಗಿ ಹರಿಯುತ್ತದೆ, ಆಮೇಲೆ ತಣ್ಣೀರು. ಅರ್ಧ ನಿಮಿಷದ ಹೊತ್ತಿಗೆ ಒಂದು ರೆಕಾರ್ಡು ಸಿದ್ಧವಾಗುತ್ತದೆ, ಅಂಚಿನಲ್ಲಿ ಉಕ್ಕಿದ ಪ್ಲಾಸ್ಟಿಕ್ಕನ್ನು ಕತ್ತರಿಸುವುದಷ್ಟೇ ಬಾಕಿ. ಲೇಬಲನ್ನು ಯಾರೂ ಅಂಟು ಹಚ್ಚಿ ಅಂಟಿಸುವುದಿಲ್ಲ. ಅದೇ ಶಾಖ, ಅದೇ ಒತ್ತಡಕ್ಕೆ ಅದು ಪ್ಲಾಸ್ಟಿಕ್ಕಿನಲ್ಲಿ ಬೆಸೆದುಕೊಳ್ಳುತ್ತದೆ. ಹಾಗಾಗಿ ಒತ್ತುವುದಕ್ಕೆ ಮುಂಚೆ ಲೇಬಲುಗಳನ್ನು ಒಲೆಯಲ್ಲಿಟ್ಟು ತೇವ ಆರಿಸಬೇಕು. ತೇವ ಉಳಿದರೆ ಒತ್ತುವಾಗ ಅದು ಆವಿಯಾಗಿ ಲೇಬಲ್ ಗುಳ್ಳೆ ಏಳುತ್ತದೆ, ಇಲ್ಲವೇ ಹರಿಯುತ್ತದೆ.

ಒಂದು ಸ್ಟ್ಯಾಂಪರ್ ಸುಮಾರು 1,000 ಒತ್ತುಗಳವರೆಗೆ ಒಳ್ಳೆಯ ಫಲ ಕೊಡುತ್ತದೆ ಎಂಬುದು ಈ ಉದ್ಯಮದ ಸಾಮಾನ್ಯ ಲೆಕ್ಕ. ಆಮೇಲೆ ಗೀರುಗಳ ಏಣು ಸವೆದು ಧ್ವನಿ ಮಂಕಾಗುತ್ತದೆ. ನನ್ನ ಕಥೆಯೆಲ್ಲ ಈ ಸಣ್ಣ ಲೆಕ್ಕದ ಮೇಲೆ ನಿಂತಿದೆ. ಒಂದೇ ಹಾಡುಗಳ ಸಂಗ್ರಹಕ್ಕೆ 10,000 ರೆಕಾರ್ಡುಗಳ ಆರ್ಡರು ಬಂದರೆ ಹತ್ತು ಜೊತೆ ಸ್ಟ್ಯಾಂಪರ್ ಬೇಕು. ರೆಕಾರ್ಡೊಂದಕ್ಕೆ 140 ಗ್ರಾಮಿನಂತೆ 1,400 ಕಿಲೋ ಪಿವಿಸಿ ಬೇಕು. ಅದರ ಬದಲು ಹತ್ತು ಬೇರೆಬೇರೆ ಸಂಗ್ರಹಗಳಿಗೆ ತಲಾ 500ರಂತೆ ಆರ್ಡರು ಬಂದರೂ ಹತ್ತು ಜೊತೆ ಸ್ಟ್ಯಾಂಪರ್ ಬೇಕೇ ಬೇಕು, ಜೊತೆಗೆ ಪ್ರತಿಯೊಂದಕ್ಕೂ ಅದರದೇ ತಂದೆ, ತಾಯಿ. ಪಿವಿಸಿ ಮಾತ್ರ 700 ಕಿಲೋ ಸಾಕು. ಅಂದರೆ ನಿಕ್ಕಲಿನ ಖರ್ಚು ಕಡಿಮೆಯಾಗದೆ ಪ್ಲಾಸ್ಟಿಕ್ಕಿನ ಖರ್ಚು ಅರ್ಧಕ್ಕೆ ಇಳಿದರೆ, ಕಾರ್ಖಾನೆ ಮೊದಲಿನಷ್ಟೇ ಶ್ರಮಪಡುತ್ತ ಮೊದಲಿನ ಅರ್ಧದಷ್ಟು ಮಾತ್ರ ಮಾರುತ್ತಿದೆ ಎಂದು ಅರ್ಥ.

ನನ್ನ ಪುಸ್ತಕದಲ್ಲಿ ಕಂಡದ್ದು ಇದೇ. ಪಿವಿಸಿಯ ಇಂಡೆಂಟು ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿತ್ತು, ನಿಕ್ಕಲಿನದು ನಿಂತಲ್ಲೇ ನಿಂತಿತ್ತು. ನಾನು ಮೊದಲು ಯಾರೋ ನಿಕ್ಕಲ್ ಕದಿಯುತ್ತಿದ್ದಾರೆಂದು ಅನುಮಾನಿಸಿ, ಲೇಪನ ವಿಭಾಗದವರನ್ನು ಎರಡು ಬಾರಿ ತೂಕ ಮಾಡಿಸಿ ಅವರ ಮನಸ್ಸನ್ನೂ ನೋಯಿಸಿದೆ. ಕಳ್ಳತನವೇನೂ ನಡೆದಿರಲಿಲ್ಲ. ಹೊರಗಿನ ಪ್ರಪಂಚ ಬದಲಾಗಿತ್ತು, ಅಷ್ಟೇ. 1948ರಲ್ಲಿ ಬಂದ ಎಲ್‌ಪಿ, ಅಂದರೆ ನಾವು ಒತ್ತುತ್ತಿದ್ದ ಹೆಚ್ಚು ಹೊತ್ತು ನುಡಿಯುವ ರೆಕಾರ್ಡು, ಮೂರು ದಶಕಕ್ಕೂ ಮಿಗಿಲಾಗಿ ಮನೆಮನೆಯ ಸಂಗೀತವನ್ನು ಹೊತ್ತಿತ್ತು. 1963ರಲ್ಲಿ ಕಾಣಿಸಿಕೊಂಡ ಕ್ಯಾಸೆಟ್ಟು ಜೇಬಿಗೂ ಕಾರಿಗೂ ಹೊಂದಿಕೊಂಡು ನಿಧಾನವಾಗಿ ಅದನ್ನು ತಿನ್ನತೊಡಗಿತು, 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು. ದೊಡ್ಡ ಆರ್ಡರುಗಳೆಲ್ಲ ಅವುಗಳ ಪಾಲಾಗಿ, ಇನ್ನೂ ಎಲ್‌ಪಿಯನ್ನೇ ಕೇಳುವ ಸಣ್ಣ ಸಣ್ಣ ಗುಂಪುಗಳ ಸಣ್ಣ ಸಣ್ಣ ಆರ್ಡರುಗಳು ನಮಗೆ ಉಳಿದವು. ಯಂತ್ರಗಳು ದಿನವಿಡೀ ಗಲಾಟೆ ಮಾಡುತ್ತಲೇ ಇದ್ದವು. ಆದರೆ ಆ ಗಲಾಟೆಯಲ್ಲಿ ಬಹುಪಾಲು ಸ್ಟ್ಯಾಂಪರ್ ಬದಲಿಸುವ ಗಲಾಟೆ ಎಂಬುದು ಒಳಗಿದ್ದವರ ಕಿವಿಗೂ ಸುಲಭವಾಗಿ ತಿಳಿಯುತ್ತಿರಲಿಲ್ಲ.

ಅರ್ಧ ಕೆಲಸವಿದ್ದರೆ ಅರ್ಧ ಕಾರ್ಖಾನೆ ನಡೆಸಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ನಾನೂ ಕೇಳಿದ್ದೆ, ಬಾಯ್ಲರ್ ಮನೆಯ ಹಿರಿಯರನ್ನು. ಅವರು ನಿವೃತ್ತಿಯ ಅಂಚಿನಲ್ಲಿದ್ದ, ಮಾತು ಕಡಿಮೆಯ ಮನುಷ್ಯ. “ಎಂಟು ಯಂತ್ರಕ್ಕೂ ಇದೇ ಬೆಂಕಿ, ಹದಿನಾರು ಯಂತ್ರಕ್ಕೂ ಇದೇ ಬೆಂಕಿ ಸಾರ್. ಬಾಯ್ಲರಿಗೆ ಅರ್ಧ ಪಾಳಿ ಅನ್ನೋದು ಇಲ್ಲ,” ಎಂದರು. ಆ ಮಾತಿನಲ್ಲಿ ಉತ್ಪ್ರೇಕ್ಷೆ ಸ್ವಲ್ಪ ಇತ್ತು. ಯಂತ್ರ ಕಡಿಮೆಯಾದರೆ ಇಂಧನವೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ತಣ್ಣಗಿನ ಬಾಯ್ಲರನ್ನು ಆತುರದಿಂದ ಬಿಸಿ ಮಾಡಿದರೆ ಲೋಹ ಹಿಗ್ಗಿ ಬೆಸುಗೆಗೆ ಪೆಟ್ಟಾಗುತ್ತದೆಯಾದ್ದರಿಂದ ಒತ್ತಡ ಏರಿಸಲು ಗಂಟೆಗಟ್ಟಲೆ ಕಾಯಬೇಕು. ಒಳಗೆ ಗಡಸು ಪದರ ಕಟ್ಟದಂತೆ ನೀರನ್ನು ಮೆದುಗೊಳಿಸುವ ಕೆಲಸ, ಕೊಳವೆಗಳಿಂದ ಸೋರಿಹೋಗುವ ಶಾಖ, ನೋಡಿಕೊಳ್ಳುವ ಆಳು, ಇವೆಲ್ಲ ಎಷ್ಟು ಯಂತ್ರ ಓಡಿದರೂ ಅಷ್ಟೇ ಇರುತ್ತವೆ. ನಿಕ್ಕಲ್ ತೊಟ್ಟಿಯ ಕಥೆಯೂ ಹೀಗೆಯೇ. ದಿನಕ್ಕೆ ಒಂದು ತಟ್ಟೆ ಬೆಳೆಸಿದರೂ ಹತ್ತು ಬೆಳೆಸಿದರೂ ದ್ರಾವಣವನ್ನು ಬೆಚ್ಚಗಿಟ್ಟು, ಶೋಧಿಸಿ, ಆಮ್ಲದ ಮಟ್ಟ ಕಾಯ್ದುಕೊಂಡು ಬರಬೇಕು. ಇಂಥ ಕಾರ್ಖಾನೆ ದೀಪದ ಎಣ್ಣೆ ತೀರಿದಂತೆ ಮೆಲ್ಲಗೆ ಆರುವುದಿಲ್ಲ. ಬಹಳ ಕಾಲ ಪೂರ್ತಿ ಉರಿಯುತ್ತಿರುವಂತೆ ಕಾಣಿಸಿ, ಕೆಲಸ ಇನ್ನೂ ಸಾಕಷ್ಟು ಉಳಿದಿರುವಾಗಲೇ ಒಂದು ದಿನ ನಿಂತುಹೋಗುತ್ತದೆ.

ಪಿವಿಸಿ, ನಿಕ್ಕಲ್ ಎರಡರ ರೇಖೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು, ಮೊದಲನೆಯ ರೇಖೆ ಬಾಯ್ಲರಿನ ಖರ್ಚಿಗಿಂತ ಕೆಳಗಿಳಿಯುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಹಾಳೆಯನ್ನು ನನ್ನ ಮೇಲಿನ ಅಧಿಕಾರಿಗೆ ಕೊಟ್ಟೆ. ಅವರು ಅದನ್ನು ತುಂಬ ಹೊತ್ತು ನೋಡಿ, ಮಡಿಸಿ, ಮೇಜಿನ ಒಳಗಿಟ್ಟು, ಇದು ಈ ಕೋಣೆಯಿಂದ ಹೊರಗೆ ಹೋಗಬಾರದು ಎಂದರು. ಅವರನ್ನು ಖಳನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಸುದ್ದಿ ಹರಡಿದರೆ ಕುಶಲ ಕೆಲಸಗಾರರು ಮೊದಲು ಬಿಟ್ಟುಹೋಗುತ್ತಾರೆ, ಕಚ್ಚಾ ಮಾಲು ಕೊಡುವವರು ಮುಂಗಡ ಹಣ ಕೇಳುತ್ತಾರೆ, ಎರಡು ವರ್ಷ ನಡೆಯಬಹುದಾದದ್ದು ಆರು ತಿಂಗಳಿಗೆ ನಿಲ್ಲುತ್ತದೆ ಎಂಬ ಅವರ ಭಯ ನಿಜವಾದದ್ದೇ. ನಾನು ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡದ್ದು ಆ ತರ್ಕಕ್ಕಾಗಿಯೋ, ಇನ್ನು ಆ ಹಾಳೆಯ ಭಾರ ನನ್ನದಲ್ಲ ಎಂಬ ನೆಮ್ಮದಿಗಾಗಿಯೋ ಎಂದು ಇಂದಿಗೂ ಖಚಿತವಾಗಿ ಹೇಳಲಾರೆ.

ಕಾರ್ಖಾನೆ ಮುಚ್ಚಿದ ಊರುಗಳ ಬಗ್ಗೆ ಬರೆಯುವವರೆಲ್ಲ ಪಾಳಿಯ ಸೈರನ್ ನಿಂತ ಮೌನದ ಬಗ್ಗೆ ಬರೆಯುತ್ತಾರೆ. ನಮ್ಮಲ್ಲಿ ಸೈರನ್ ಇರಲಿಲ್ಲ, ಅಂಗಳದಾಚೆ ಕೇಳಿಸದ ಒಂದು ವಿದ್ಯುತ್ ಗಂಟೆ ಇತ್ತು. ಊರಿಗೂ ಕಾರ್ಖಾನೆಗೂ ಇದ್ದ ನಂಟು ಶಬ್ದದ್ದಲ್ಲ, ಲೆಕ್ಕದ್ದು. ಗಂಡ ಒತ್ತುಯಂತ್ರದ ಮೇಲೆ, ಹೆಂಡತಿ ತಪಾಸಣೆಯ ಮೇಜಿನಲ್ಲಿ, ಮಗ ಗೋದಾಮಿನಲ್ಲಿ ಇದ್ದ ಮನೆಗಳು ಹಲವು. ಅಂಥ ಮನೆಗೆ ಬರುವ ಮೂರು ಸಂಬಳಗಳೂ ಒಂದೇ ಬಾಯ್ಲರಿನಿಂದ ಬರುತ್ತಿದ್ದವು, ನಿಂತರೆ ಮೂರೂ ಒಂದೇ ದಿನ ನಿಲ್ಲುವಂಥವು. ತಪಾಸಣೆಯ ಹೆಂಗಸರ ಕೌಶಲವನ್ನು ಇಲ್ಲಿ ಹೇಳಲೇಬೇಕು. ರೆಕಾರ್ಡನ್ನು ದೀಪದ ಓರೆ ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು, ಪ್ಲಾಸ್ಟಿಕ್ ಗೀರಿನೊಳಗೆ ಪೂರ್ತಿ ತುಂಬದೆ ಉಳಿದ ಜಾಗ ಅವರ ಕಣ್ಣಿಗೆ ಮಸುಕು ಗೆರೆಯಾಗಿ ಸಿಗುತ್ತಿತ್ತು, ಅದೇ ದೋಷ ನುಡಿಸಿದಾಗ ಬಟ್ಟೆ ಹರಿದಂತೆ ಕೇಳಿಸುತ್ತದೆ. ಯಾವ ಯಂತ್ರದಲ್ಲಿ ಉಗಿಯ ಕವಾಟ ಸೋಮಾರಿಯಾಗಿದೆ ಎಂಬುದನ್ನೂ ಅವರು ರೆಕಾರ್ಡು ನೋಡಿಯೇ ಹೇಳುತ್ತಿದ್ದರು. ಬೇರೆ ಯಾವ ಕೆಲಸಕ್ಕೂ ಒಯ್ಯಲಾಗದ ಕೌಶಲ ಅದು.

ಗೇಟಿನ ಹೊರಗೆ ನಮ್ಮನ್ನೇ ನಂಬಿದವರಲ್ಲಿ ಲೇಬಲುಗಳನ್ನು ಮುದ್ರಿಸಿ ಕೊಡುತ್ತಿದ್ದ ಮುದ್ರಕರೊಬ್ಬರಿದ್ದರು. ಸಣ್ಣ ಮುದ್ರಣಾಲಯ, ತಂದೆಯ ಕಾಲದಿಂದ ನಮ್ಮ ಕೆಲಸವನ್ನೇ ನೆಚ್ಚಿಕೊಂಡದ್ದು. ಲೇಬಲಿನ ಶಾಯಿ ಒಲೆಯ ಶಾಖಕ್ಕೂ ಅಚ್ಚಿನ ಶಾಖಕ್ಕೂ ಬಣ್ಣ ಕೆಡಬಾರದು, ನಡುವಿನ ತೂತು ಕೂದಲೆಳೆಯಷ್ಟೂ ಸರಿಯಬಾರದು. ಈ ಎರಡು ಗುಟ್ಟು ಅವರಿಗೆ ಚೆನ್ನಾಗಿ ತಿಳಿದಿತ್ತು. ನಮ್ಮ ಆರ್ಡರುಗಳು ಚೂರುಚೂರಾಗತೊಡಗಿದ ಮೇಲೆ ಅವರಿಗೆ ಆದ ಅನುಭವ ನಮ್ಮದಕ್ಕೆ ತದ್ವಿರುದ್ಧ. ಮೊದಲು ವಾರಕ್ಕೆ ಮೂರು ಬಗೆಯ ಲೇಬಲ್ ಮುದ್ರಿಸುತ್ತಿದ್ದವರು ಈಗ ಹನ್ನೆರಡು ಬಗೆ ಮುದ್ರಿಸಬೇಕಾಯಿತು. ಪ್ರತಿ ಬಗೆಗೂ ಹೊಸ ಪ್ಲೇಟು, ಹೊಸ ಜೋಡಣೆ, ಅದಕ್ಕೆ ಬೇರೆಯೇ ಬಿಲ್ಲು. ಅವರ ಮುದ್ರಣಾಲಯದಲ್ಲಿ ರಾತ್ರಿಯೂ ದೀಪ ಉರಿಯಿತು. ಒಂದು ಸಂಜೆ ಅವರು ನನ್ನ ಮೇಜಿನ ಮುಂದೆ ಕುಳಿತು, ಬೇರೊಂದು ಊರಿನಲ್ಲಿ ದೊಡ್ಡ ಮುದ್ರಣಯಂತ್ರವೊಂದು ಹಳೆಯ ಬೆಲೆಗೆ ಸಿಗುತ್ತಿದೆ, ಸಾಲ ಮಾಡಿ ತರಬೇಕೆಂದಿದ್ದೇನೆ, ನಿಮ್ಮ ಕೆಲಸ ಹೀಗೇ ಇರುತ್ತದಲ್ಲವೇ ಎಂದು ಕೇಳಿದರು.

ನನ್ನ ಹಿಂದಿನ ಕಪಾಟಿನಲ್ಲೇ ಆ ಪುಸ್ತಕವಿತ್ತು. “ಸದ್ಯಕ್ಕೆ ಏನೂ ತೊಂದರೆಯಿಲ್ಲ,” ಎಂದೆ.

ಆ ಉತ್ತರವನ್ನು ಆಡಿದಾಗ ನನಗೆ ಅದು ಜಾಣತನದ್ದೆಂದೇ ತೋರಿತ್ತು. ಸುಳ್ಳು ಹೇಳಲಿಲ್ಲ, ಗುಟ್ಟನ್ನೂ ಬಿಟ್ಟುಕೊಡಲಿಲ್ಲ. ‘ಸದ್ಯಕ್ಕೆ’ ಎಂಬ ಪದದೊಳಗೆ ಎಚ್ಚರಿಕೆಯನ್ನು ಅಡಗಿಸಿಟ್ಟಿದ್ದೇನೆ, ಬುದ್ಧಿವಂತರಾದರೆ ಹುಡುಕಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಎದ್ದು, ನಮಸ್ಕಾರ ಹೇಳಿ ಹೋದರು. ಮರು ತಿಂಗಳು ಯಂತ್ರ ಬಂತು.

ಮುಚ್ಚುವ ನೋಟೀಸಿನಿಂದ ಕೊನೆಯ ದಿನದವರೆಗೆ ಎರಡು ತಿಂಗಳು ಸಿಕ್ಕಿತು. ಬಾಕಿ ಆರ್ಡರುಗಳನ್ನು ಒತ್ತಿ ಮುಗಿಸಿದೆವು, ಮೂಲ ಲೋಹದ ತಟ್ಟೆಗಳನ್ನು ಅವುಗಳ ಹಕ್ಕುದಾರರಿಗೆ ಕಳಿಸಿದೆವು, ಯಾರೂ ಕೇಳದೆ ಉಳಿದ ಸ್ಟ್ಯಾಂಪರುಗಳು ನಿಕ್ಕಲಿನ ತೂಕಕ್ಕೆ ಗುಜರಿ ಸೇರಿದವು. ಆ ತಟ್ಟೆಗಳನ್ನು ತಕ್ಕಡಿಗೆ ಏರಿಸುವಾಗ ಅಭ್ಯಾಸಬಲದಿಂದ ಅಂಚಷ್ಟನ್ನೇ ಹಿಡಿದು, ಗೀರಿಗೆ ಬೆರಳು ತಾಗದಂತೆ ಎತ್ತಿಡುತ್ತಿದ್ದ ಇಬ್ಬರು ಹುಡುಗರನ್ನು ನೋಡಿ, ಹಾಗೇ ಎಸೆಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒತ್ತುಯಂತ್ರಗಳ ಪಟ್ಟಿ ಮಾಡುವುದೂ ನನ್ನ ಪಾಲಿಗೆ ಬಂತು: ಕ್ರಮಸಂಖ್ಯೆ, ತೂಕ, ಸ್ಥಿತಿ. ಹದಿನಾರರ ಮುಂದೆಯೂ ‘ಚಾಲನೆಯಲ್ಲಿದೆ’ ಎಂದು ಬರೆದೆ. ಕೊಂಡವರಿಗೆ ಬೇಕಾಗಿದ್ದುದು ತೂಕದ ಕಾಲಮ್ಮು ಮಾತ್ರ.

ಇಂದು ಎಲ್‌ಪಿ ಮತ್ತೆ ಬಂದಿರುವುದನ್ನು ತೋರಿಸಿ, ಸ್ವಲ್ಪ ತಾಳಿದ್ದರೆ ನಿಮ್ಮ ಕಾರ್ಖಾನೆ ಉಳಿಯುತ್ತಿತ್ತಲ್ಲ ಎನ್ನುವವರಿದ್ದಾರೆ. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಎಲ್‌ಪಿಗಳು ಮಾರಾಟವಾದವು, 1987ರ ಬಳಿಕ ಮೊದಲ ಬಾರಿಗೆ. ಜೆಕ್ ದೇಶದ ಲೊಡೆನಿಟ್ಸೆ ಎಂಬ ಹಳ್ಳಿಯಲ್ಲಿ 1951ರಲ್ಲಿ ಆರಂಭವಾದ ಕಾರ್ಖಾನೆ, ಎಲ್ಲರೂ ಯಂತ್ರಗಳನ್ನು ಗುಜರಿಗೆ ಹಾಕುತ್ತಿದ್ದ ಕಾಲದಲ್ಲಿ ತನ್ನ ಹಳೆಯ ಒತ್ತುಯಂತ್ರಗಳನ್ನು ಉಳಿಸಿಕೊಂಡು, ಈಗ ಜಗತ್ತಿನ ಅತಿ ದೊಡ್ಡ ರೆಕಾರ್ಡು ತಯಾರಕರ ಸಾಲಿನಲ್ಲಿದೆ. ಇದೆಲ್ಲ ನಿಜ. ಆದರೆ ಅವರು ಸಿ.ಡಿ., ಮುದ್ರಣ, ಪ್ಯಾಕಿಂಗ್ ಎಂದು ಬೇರೆ ಕೆಲಸಗಳ ನೆರಳಿನಲ್ಲಿ ಆ ಯಂತ್ರಗಳನ್ನು ಕಾಪಾಡಿಕೊಂಡರು. ಬರೀ ಎಲ್‌ಪಿಯನ್ನು ನಂಬಿ ಇಪ್ಪತ್ತು ವರ್ಷ ಬೆಂಕಿ ಹಚ್ಚಿಟ್ಟುಕೊಂಡು ಕಾಯುವುದು ಯಾವ ಊರಿಗೂ ಸಾಧ್ಯವಿರಲಿಲ್ಲ. ಸಿ.ಡಿ.ಗೆ ಬದಲಾಗಿದ್ದರೆ ಉಳಿಯಬಹುದಿತ್ತು ಎನ್ನುವ ಮಾತಿಗೂ ಅರ್ಧ ಬೆಲೆಯೇ. ಅಮೆರಿಕದ ಇಂಡಿಯಾನಾ ರಾಜ್ಯದ ಟೆರ್ರೆ ಹೋಟ್ ಪಟ್ಟಣದಲ್ಲಿ ಎಲ್‌ಪಿ ಒತ್ತುತ್ತಿದ್ದ ನೆಲೆಯನ್ನು ಬದಲಾಯಿಸಿ 1984ರಲ್ಲಿ ಆ ದೇಶದ ಮೊದಲ ಸಿ.ಡಿ.ಗಳನ್ನು ತಯಾರಿಸಿದರು, ಅಲ್ಲಿ ಸಿ.ಡಿ.ಗಳ ತಯಾರಿಕೆ 2018ರಲ್ಲಿ ನಿಂತಿತು. ನ್ಯೂಜೆರ್ಸಿಯ ಪಿಟ್ಮನ್ ಎಂಬ ಸಣ್ಣ ಊರಿನಲ್ಲಿ 1960ರಲ್ಲಿ ರೆಕಾರ್ಡು ಒತ್ತಲು ಕಟ್ಟಿದ ಕಾರ್ಖಾನೆಯೂ ಸಿ.ಡಿ.ಗೆ ತಿರುಗಿ, 2011ರಲ್ಲಿ ಬಾಗಿಲು ಹಾಕಿತು. ಅವರು ಒಂದು ತಲೆಮಾರಿನ ಕಾಲ ಗಳಿಸಿದರು, ಅದು ಕಡಿಮೆಯ ಮಾತಲ್ಲ. ಆದರೆ ಆ ಊರುಗಳ ಲೆಕ್ಕದ ಗುಮಾಸ್ತರ ಮುಂದೆಯೂ ಒಂದು ದಿನ ನನ್ನಂಥದೇ ಹಾಳೆ ಬಂದಿರಲೇಬೇಕು. ಈಚೆಗೆ ಉಗಿಯಿಲ್ಲದೆ ವಿದ್ಯುತ್ತಿನಿಂದಲೇ ಅಚ್ಚನ್ನು ಕಾಯಿಸುವ ಹೊಸ ಒತ್ತುಯಂತ್ರಗಳು ಬಂದಿವೆ ಎಂದು ಓದಿದಾಗ ನನಗೆ ಮೊದಲು ನೆನಪಾದವರು ಬಾಯ್ಲರ್ ಮನೆಯ ಆ ಹಿರಿಯರು. ಅರ್ಧ ಪಾಳಿ ನಡೆಸಬಲ್ಲ ಕಾರ್ಖಾನೆಯನ್ನು ಕೊನೆಗೂ ಯಾರೋ ಕಂಡುಹಿಡಿದಿದ್ದಾರೆ.

ನಾನು ಆಮೇಲೆ ಬೇರೊಂದು ಉದ್ಯಮದಲ್ಲಿ ಇದೇ ಬಗೆಯ ಕೆಲಸಕ್ಕೆ ಸೇರಿ ನಿವೃತ್ತನಾಗುವವರೆಗೂ ಇಂಡೆಂಟುಗಳನ್ನೇ ಬರೆದೆ. ಅಲ್ಲಿ ಎರಡು ವಿಷಯಗಳಲ್ಲಿ ನನ್ನ ರೀತಿ ಬದಲಾಯಿತು. ಮೊದಲನೆಯದು, ಹೊರಗಿನ ಪೂರೈಕೆದಾರರಿಗೆ ಆರ್ಡರು ಕಳಿಸುವಾಗ ಅವರು ವರ್ಷದಲ್ಲಿ ನಮಗೆ ಒಟ್ಟು ಎಷ್ಟು ಮಾಲು ಕೊಟ್ಟರು, ಹಿಂದಿನ ವರ್ಷ ಎಷ್ಟು ಕೊಟ್ಟಿದ್ದರು ಎಂಬ ಎರಡು ಸಾಲುಗಳನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಆರ್ಡರಿನ ಜೊತೆಗೇ ಬರೆದು ಕಳಿಸತೊಡಗಿದೆ. ಅದು ಅವರದೇ ಬಿಲ್ಲುಗಳ ಮೊತ್ತ, ಯಾರ ಗುಟ್ಟೂ ಅಲ್ಲ. ಆದರೆ ಪ್ರತಿದಿನದ ಗಡಿಬಿಡಿಯಲ್ಲಿ ಇರುವವನಿಗೆ ತನ್ನ ಗಡಿಬಿಡಿಯೇ ಲಾಭದಂತೆ ಕಾಣುತ್ತದೆ, ಕೂಡಿಸಿ ನೋಡುವ ವ್ಯವಧಾನ ಇರುವುದಿಲ್ಲ. ನನ್ನ ಮೇಲಧಿಕಾರಿಯೊಬ್ಬರು ಇದನ್ನು ಅನಾವಶ್ಯಕ ಕಾಗದ ಎಂದರು, ನಿಲ್ಲಿಸಿ ಎಂದು ಮಾತ್ರ ಹೇಳಲಿಲ್ಲ. ಎರಡನೆಯದು, ಯಾರಾದರೂ ನಮ್ಮನ್ನು ನಂಬಿ ಸಾಲ ಮಾಡುವ ಮಾತೆತ್ತಿದರೆ, ಮುಂದಿನ ವರ್ಷದ ಬಗ್ಗೆ ಮಾತು ಕೊಡುವ ಅಧಿಕಾರ ನನಗಿಲ್ಲ, ಬರಹದಲ್ಲಿ ಕರಾರು ಕೇಳಿ, ಕರಾರು ಸಿಗದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ ಎಂದು ನೇರವಾಗಿ ಹೇಳುತ್ತಿದ್ದೆ. ಇದರಿಂದ ಒಂದಿಬ್ಬರು ನೊಂದುಕೊಂಡರು, ಒಬ್ಬರು ನನ್ನ ಮೇಲೆ ದೂರನ್ನೂ ಕೊಟ್ಟರು. ‘ಸದ್ಯಕ್ಕೆ’ ಎಂಬ ಪದವನ್ನು ಕಚೇರಿಯಲ್ಲಿ ನಾನು ಮತ್ತೆ ಆಡಲಿಲ್ಲ.

ಆ ಮುದ್ರಕರನ್ನು ಮತ್ತೆ ಕಂಡದ್ದು ಬಹಳ ವರ್ಷಗಳ ಬಳಿಕ, ಬೇರೆ ಯಾವುದೋ ಕೆಲಸಕ್ಕೆ ಆ ಊರಿಗೆ ಹೋದಾಗ. ದೊಡ್ಡ ಯಂತ್ರವನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿ, ಉಳಿದ ಸಾಲವನ್ನು ಆಹ್ವಾನಪತ್ರ, ಬಿಲ್ ಪುಸ್ತಕ ಮುದ್ರಿಸಿ ತೀರಿಸಿದ್ದರು. ಕತ್ತರಿಸದೆ ಉಳಿದ ನಮ್ಮ ಲೇಬಲ್ ಹಾಳೆಗಳ ಹಿಂಬದಿಯನ್ನು ಲೆಕ್ಕ ಗೀಚಲು ಬಳಸುತ್ತಿದ್ದರು. ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದುದನ್ನು ಅಂದು ನಾನು ಹೇಳಿದೆ: ನೀವು ಕೇಳಲು ಬಂದ ದಿನ ನನಗೆ ಎಲ್ಲವೂ ತಿಳಿದಿತ್ತು, ನಿಮಗೆ ಲೇಬಲಿನ ಬಗೆಗಳು ಹೆಚ್ಚಾದದ್ದಷ್ಟೇ ಕಂಡಿತು, ಒಟ್ಟು ಸಂಖ್ಯೆ ಕುಸಿಯುತ್ತಿದ್ದುದು ಕಾಣಲಿಲ್ಲ, ಅದನ್ನು ನಾನು ಹೇಳಬೇಕಿತ್ತು ಎಂದೆ.

ಅವರು ಬರೆಯುತ್ತಿದ್ದ ಹಾಳೆಯಿಂದ ತಲೆಯೆತ್ತಿದರು. “ಕಾಣದೆ ಏನು ಸಾರ್? ಕಾಗದ ಕೊಳ್ಳುತ್ತಿದ್ದವನು ನಾನಲ್ಲವೇ? ಒಂದು ತಿಂಗಳಿಗೆ ಮುಗಿಯುತ್ತಿದ್ದ ರೀಮುಗಳು ಎರಡು ತಿಂಗಳಾದರೂ ಮುಗಿಯುತ್ತಿರಲಿಲ್ಲ. ಅದಕ್ಕೇ ಅನುಮಾನ ಬಂದು ನಿಮ್ಮನ್ನು ಕೇಳೋಣ ಅಂತ ಬಂದದ್ದು. ಲೆಕ್ಕ ಬರೆಯುವವರೇ ತೊಂದರೆಯಿಲ್ಲ ಅಂದಮೇಲೆ ಇನ್ನೇನು ಅಂತ ಹೋಗಿ ಯಂತ್ರಕ್ಕೆ ಮುಂಗಡ ಕೊಟ್ಟೆ.”